ತಲೆಯಿಲ್ಲದ ಬೆಳ್ಳಕ್ಕಿ

ಬನಹಟ್ಟಿಯಲ್ಲಿ ಸೀರೆ ನೇಯ್ದವರು ಯಾರು ಎಂದು ಕೇಳಿದರೆ ಮನೆ ಬಾಗಿಲವರೆಗೆ ಕರೆದುಕೊಂಡು ಹೋಗಿ ತೋರಿಸುವ ಮಂದಿ ಇದ್ದಾರೆ. ಅದೇ ಸೀರೆಯ ಸೆರಗಿನ ಚಿತ್ರ ಬರೆದವರು ಯಾರು ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಹಾಗೆ ಯಾರೂ ಕೇಳದ ಆ ಕೆಲಸವನ್ನು ಕಾವೇರಿ ಒಂಬತ್ತು ವರ್ಷ ಮಾಡಿದಳು.

ತೇರದಾಳದ ಧರ್ಮರಾಜ ಅವರು ಬನಹಟ್ಟಿಯಲ್ಲಿ ನಡೆಸುವ ಸೀರೆ ಕಾರಖಾನೆಯ ಅಟ್ಟದ ಮೇಲೆ ಚಿತ್ರದ ಕೋಣೆ. ಅಲ್ಲಿ ಎರಡೇ ಮೇಜು. ಚೌಕುಳಿ ಕಾಗದದ ಮೇಲೆ ಒಂದೊಂದೇ ಮನೆಗೆ ಕೆಂಪು ಬಣ್ಣ ತುಂಬಿ ಹೂವು, ಬಳ್ಳಿ, ಗಿಳಿ ಮೂಡಿಸಬೇಕು. ಕಾಗದದ ಒಂದು ಸಾಲಿಗೆ ಒಂದು ರಟ್ಟಿನ ಕಾರ್ಡು. ಬಣ್ಣ ಇದ್ದಲ್ಲಿ ಕಾರ್ಡಿಗೆ ತೂತು. ಅಂಥ ನೂರಾರು ಕಾರ್ಡುಗಳನ್ನು ದಾರದಿಂದ ಹೊಲಿದು ಮಗ್ಗದ ನೆತ್ತಿಗೆ ತೂಗುಹಾಕಿದರೆ, ಕಾಗದದ ಮೇಲಿದ್ದದ್ದು ಬಟ್ಟೆಗೆ ಇಳಿಯುತ್ತದೆ.

ಒಂದು ಮೇಜು ಕಾವೇರಿಯದು, ಇನ್ನೊಂದು ಮೃಣ್ಮಯಿಬಾಯಿಯದು. ಬಾಯಿ ದಿನಾ ಜಮಖಂಡಿಯಿಂದ ಬಸ್ಸಿಗೆ ಬರುವವಳು, ಕೋಣೆಯ ಮುಖ್ಯಸ್ಥೆ. ಕನ್ನಡದಷ್ಟೇ ಸರಾಗವಾಗಿ ಮರಾಠಿ ಆಡುತ್ತಿದ್ದಳು, ನಗುತ್ತ ಮಾತಾಡುತ್ತಿದ್ದಳು. ಮೊದಮೊದಲು ಕಾವೇರಿಗೆ ಅವಳೆಂದರೆ ಜೀವ. ಬಾಯಿ ತನ್ನ ಕುಂಚ ಕೊಟ್ಟಳು, ಡಬ್ಬಿಯ ಊಟ ಹಂಚಿಕೊಂಡಳು, ಬಂದವರ ಮುಂದೆಲ್ಲ ‘ಇಕಿ ನನ್ನ ಬಲಗೈ’ ಎಂದಳು. ಬಲಗೈ ಎಂದು ಕರೆಯುವವರ ಹತ್ತಿರ ತುಸು ಹುಷಾರಾಗಿರುವುದು ಒಳ್ಳೆಯದು. ಕೈ ಎಷ್ಟೇ ದುಡಿದರೂ ಹೂವಿನ ಹಾರ ಬೀಳುವುದು ಕೊರಳಿಗೆ. ಕಾವೇರಿ ಬರೆದ ಕಾಗದಗಳ ಮೂಲೆಗೆ ಮೃಣ್ಮಯಿಬಾಯಿಯ ಸಹಿ ಬೀಳುತ್ತಿತ್ತು, ಅಷ್ಟೇ.

ಇದು ಕಾವೇರಿಗೆ ಬಹಳ ದಿನ ಚುಚ್ಚಲಿಲ್ಲ. ಚುಚ್ಚಿದ್ದು ಬೇವಿನ ಗಿಡದ ಚಿತ್ರ ಬರೆದ ಮೇಲೆ. ಅವಳ ತಾಯಿ ಯಂಕವ್ವನ ತವರು ಬೀಳಗಿ ಕಡೆಯ ಊರು, ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಹೋದದ್ದು. ಮನೆ ಮುಳುಗಿದರೂ ಮನೆಯ ಮುಂದಿನ ಬೇವು ಮಾತ್ರ ಸೊಂಟದವರೆಗೆ ನೀರಿನಲ್ಲಿ ನಿಂತಿತ್ತು, ಒಣಗಿದ ಟೊಂಗೆಗಳ ತುಂಬ ಬೆಳ್ಳಕ್ಕಿ. ಕಾವೇರಿ ಅದನ್ನೇ ಸೆರಗಿಗೆ ಬರೆದಳು, ಮೂರು ತಿಂಗಳು ಕೂತು. ಮನೆಗೆ ತಂದು ತೋರಿಸಿದಾಗ ಯಂಕವ್ವ ಎಲ್ಲಕ್ಕಿಂತ ಕೆಳಗಿನ ಟೊಂಗೆಯ ಮೇಲೆ ಬೆರಳಿಟ್ಟು, ತನ್ನ ತೊಟ್ಟಿಲು ಕಟ್ಟುತ್ತಿದ್ದದ್ದು ಇದಕ್ಕೇ ಎಂದಳು. ಆ ಟೊಂಗೆಯ ಮೇಲೆ ಮಗಳು ಎಲ್ಲಕ್ಕಿಂತ ದೊಡ್ಡ ಹಕ್ಕಿ ಕೂರಿಸಿದ್ದಳು.

ಈ ಒಂದಕ್ಕಾದರೂ ತನ್ನ ಹೆಸರು ಬರೆಯಿರಿ ಎಂದು ಕಾವೇರಿ ಮೃಣ್ಮಯಿಬಾಯಿಯನ್ನು ಕೇಳಿದಳು. ಬಾಯಿ ಅವಳ ಕೆನ್ನೆ ತಟ್ಟಿ, ಅದಕ್ಕೇನಂತೆ, ಬರೆಯೋಣ ಎಂದಳು. ಮರುದಿನ ಧರ್ಮರಾಜರು ಹೊಸ ಚಿತ್ರ ತೋರಿಸಲು ಎಲ್ಲರನ್ನೂ ಸೇರಿಸಿದ್ದರು. ಬಾಯಿ ಅಲ್ಲಿ ಕಾವೇರಿ ಕಲಿಯುವಾಗ ಕೆಡಿಸಿದ ಹಳೆಯ ಕಾಗದಗಳನ್ನು ಹರವಿ, ದಿನಾ ಇಂಥವನ್ನು ತಿದ್ದಿ ತಿದ್ದಿ ನನ್ನ ಕಣ್ಣು ಹೋದವು ಎಂದು ನಕ್ಕಳು. ಎಲ್ಲರೂ ನಕ್ಕರು. ಬೇವಿನ ಗಿಡಕ್ಕೆ ಬಾಯಿಯ ಸಹಿ ಬಿತ್ತು. ಕಾವೇರಿಯನ್ನು ಅಟ್ಟದಿಂದ ಇಳಿಸಿ ಕಾರ್ಡಿಗೆ ತೂತು ಹೊಡೆಯುವ ಯಂತ್ರಕ್ಕೆ ಕೂರಿಸಿದರು. ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿರುತ್ತಿತ್ತು ಎಂದು ನನಗೆ ಅನಿಸುತ್ತದೆ.

ಪುಣೆಯ ದೊಡ್ಡ ವ್ಯಾಪಾರಿ ಸೋಮವಾರ ಬರುವವನಿದ್ದ, ತನ್ನ ಕಣ್ಣೆದುರೇ ಆ ಸೆರಗು ನೇಯ್ದು ತೋರಿಸಬೇಕೆಂದಿದ್ದ. ಅವನು ಒಪ್ಪಿದರೆ ಬಾಯಿಗೆ ಕಾರಖಾನೆಯಲ್ಲಿ ಧರ್ಮರಾಜರ ನಂತರದ ಜಾಗ. ಕಾರ್ಡಿಗೆ ತೂತು ಹೊಡೆಯಲು ಸಹಿ ಬಿದ್ದ ಕಾಗದ ಕಾವೇರಿಯ ಕೈಗೇ ಬಂತು. ಅವಳು ಬಿಳಿ ಬಣ್ಣಕ್ಕೆ ಕುಂಚ ಅದ್ದಿ ಕೆಳಟೊಂಗೆಯ ಬೆಳ್ಳಕ್ಕಿಯ ತಲೆಯನ್ನು ಮನೆ ಮನೆಯಾಗಿ ಅಳಿಸಿದಳು. ಆ ಸಾಲುಗಳ ಎಂಟು ಕಾರ್ಡುಗಳಲ್ಲಿ ತಲೆಯ ತೂತು ಹೊಡೆಯದೆ ಬಿಟ್ಟಳು. ಯಾರು ತೆಗೆದು ನೋಡಿದರೂ ಕಾಗದ, ಕಾರ್ಡು, ಬಟ್ಟೆ ಒಂದೇ ಹೇಳುತ್ತವೆ, ಕೆಳಗೆ ಬಾಯಿಯ ಸಹಿ. ವ್ಯಾಪಾರಿಯ ಮುಂದೆ ಬಾಯಿಯ ಮಾನ ಹೋಗಲಿ, ಮೇಜೂ ಹೋಗಲಿ ಎಂಬುದೇ ಅವಳ ಲೆಕ್ಕ.

ಅಲ್ಲಿ ಒಂದು ರೂಢಿ ಇತ್ತು. ಹೊಸ ಕಾರ್ಡು ಏರಿಸಿದಾಗ ನೇಕಾರ ಮೊದಲು ಸಾದಾ ನೂಲಿನಲ್ಲಿ ಸೆರಗು ನೇಯುತ್ತಾನೆ, ಬರೆದವರನ್ನು ಕರೆಸಿ ತೋರಿಸುತ್ತಾನೆ. ಅವರು ಹೂಂ ಎಂದ ಮೇಲೆಯೇ ರೇಷ್ಮೆ. ಸೋಮವಾರ ಬೆಳಿಗ್ಗೆ ಹಿರಿಯ ನೇಕಾರ ಹೊಳಬಸಪ್ಪ ಹಾಗೆಯೇ ನೇಯ್ದು, ಬರೆದವರು ಬಂದು ನೋಡಲಿ ಎಂದು ಹೇಳಿ ಕಳಿಸಿದ. ಮೃಣ್ಮಯಿಬಾಯಿ ಬಂದಳು, ಬಟ್ಟೆಯನ್ನು ಎರಡು ಸಲ ಸವರಿದಳು, ತಲೆಯಿಲ್ಲದ ಹಕ್ಕಿಯನ್ನು ಗಮನಿಸದೆ ಛಲೋ ಆಗೇತಿ ಎಂದು ಹೋದಳು. ಹೊಳಬಸಪ್ಪ ಕಾವೇರಿಯ ಯಂತ್ರದ ಹತ್ತಿರ ಬಂದು ನಿಂತ.

“ತಂಗಿ, ಬರದಾಕಿ ನೀನ ಅಂತ ನನಗ ಈಗ ಗೊತ್ತಾತು. ನಿನ್ನ ಕೈ ಹಿಂಗ ತಪ್ಪೂದಿಲ್ಲ. ಎಂಟು ಕಾರ್ಡ್ ಬದಲಿ ಮಾಡೂದು ಅರ್ಧ ತಾಸಿನ ಕೆಲಸ. ಅಲ್ಲೀತನಕ ನಾ ಮಗ್ಗಾ ನಿಂದರಸ್ತೇನಿ.”

ಕಾವೇರಿ ಇನ್ನೊಂದು ಕಾರ್ಡು ಯಂತ್ರಕ್ಕಿಟ್ಟು ತೂತು ಹೊಡೆಯತೊಡಗಿದಳು. ಅವನು ಹೋಗಿ ರೇಷ್ಮೆ ಏರಿಸಿದ.

ವ್ಯಾಪಾರಿ ಬಂದ. ಗಿಡ ಇಂಚು ಇಂಚಾಗಿ ಮೇಲೆದ್ದು ಬಂತು. ಅವನು ಬಗ್ಗಿ, ಈ ಹಕ್ಕಿಗೆ ತಲೆ ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದ. ಧರ್ಮರಾಜರ ಮುಖ ಸಣ್ಣದಾಯಿತು. ಕಾವೇರಿ ಯಂತ್ರ ನಿಲ್ಲಿಸಿ ಅತ್ತ ತಿರುಗಿದಳು. ಮೃಣ್ಮಯಿಬಾಯಿ ಬಟ್ಟೆ ನೋಡಿದಳು, ಒಂದೇ ಕ್ಷಣ ಕಾವೇರಿಯನ್ನೂ ನೋಡಿದಳು, ಆಮೇಲೆ ನಕ್ಕಳು. ತಲೆ ನೀರಿನೊಳಗಿದೆ, ಮೀನು ಹುಡುಕುತ್ತಿದೆ, ಸೀರೆ ಉಟ್ಟವಳು ನಡೆದಾಗ ನೀರು ಅಲುಗಿದ ಹಾಗೆ ಕಾಣುತ್ತದೆ ಎಂದಳು. ವ್ಯಾಪಾರಿ ಚಪ್ಪಾಳೆ ತಟ್ಟಿದ. ಇಂಥದ್ದನ್ನು ತಾನು ಎಲ್ಲೂ ನೋಡಿಲ್ಲ, ಇದೇ ಬೇಕು, ಹೀಗೇ ಬೇಕು ಎಂದ.

ಆ ಸೀರೆ ಪುಣೆ, ಸೊಲ್ಲಾಪುರ ಎಲ್ಲ ಓಡಾಡಿತು. ಬಾಯಿ ದೊಡ್ಡವಳಾದಳು. ಕಾವೇರಿ ಏನನ್ನೂ ಹೇಳುವ ಹಾಗಿರಲಿಲ್ಲ. ಚಿತ್ರ ನನ್ನದು ಎಂದರೆ, ತಲೆ ತೆಗೆದವಳೂ ನಾನೇ ಎನ್ನಬೇಕು. ಆ ಸಿಟ್ಟಿಗಿಂತ ಕೆಳಟೊಂಗೆಯ ಹಕ್ಕಿಯ ಸಂಕಟವೇ ಅವಳನ್ನು ಹೆಚ್ಚು ತಿಂದಿತು.

ದೀಪಾವಳಿಗೆ ಕಾರಖಾನೆಯವರು ಕೆಲಸದವರಿಗೆಲ್ಲ ಅದೇ ಸೀರೆ ಹಂಚಿದರು. ಯಂಕವ್ವ ಮಗಳು ತಂದ ಸೀರೆಯ ಸೆರಗು ಹರವಿ, ಟೊಂಗೆ ಟೊಂಗೆ ಸವರುತ್ತ ಕೆಳಟೊಂಗೆಗೆ ಬಂದು ನಿಂತಳು.

“ಇದರ ತಲಿ ಎಲ್ಲಿ ಹೋತು?”

“ನೀರಾಗ ಐತಿ ಬೇ.”

“ಸುಳ್ಳ ಹೇಳಬ್ಯಾಡ. ಆ ಟೊಂಗಿ ಮ್ಯಾಲ ಕುಂತ ಹಕ್ಕಿಗಿ ನೀರ ಎಟಕೂದಿಲ್ಲ.”

ಆಗ ಕಾವೇರಿ ಅತ್ತಳು, ಎಲ್ಲವನ್ನೂ ಹೇಳಿದಳು. ಯಂಕವ್ವ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಗೋಡೆಯ ಗೂಡಿನಿಂದ ಸೂಜಿ, ಬಿಳಿ ದಾರ ತಂದು ಮಗಳ ಮುಂದಿಟ್ಟಳು. ಕಾವೇರಿ ಎರಡು ದಿನ ಕೂತು ತಲೆ ಹೊಲಿದಳು, ಕೊಕ್ಕು, ಕಣ್ಣು ಸಮೇತ.

ಆ ವರ್ಷ ಬೀಳಗಿ ಹತ್ತಿರದ ಪುನರ್ವಸತಿ ಕೇಂದ್ರದಲ್ಲಿ ಯಂಕವ್ವನ ತವರಿನವರ ಮದುವೆ. ಹಂದರದಲ್ಲಿ ಏಳೆಂಟು ಹೆಂಗಸರು ಅದೇ ಸೀರೆ ಉಟ್ಟಿದ್ದರು. ತಮ್ಮೂರಿನ ಬೇವು ಇದೇ ಎಂದು ಗುರುತು ಹಿಡಿದೇ ಕೊಂಡಿದ್ದರು. ಯಂಕವ್ವನ ಸೆರಗು ನೋಡಿ, ನಿನ್ನ ಹಕ್ಕಿಗೆ ಮಾತ್ರ ತಲೆ ಹೇಗೆ ಬಂತು ಎಂದು ಸುತ್ತುವರಿದರು. ಕಾವೇರಿ ಕಂಬದ ಮರೆಗೆ ಸರಿದಳು. ಯಂಕವ್ವ ಅವಳ ರಟ್ಟೆ ಹಿಡಿದು ಎಳೆದು ನಡುವೆ ನಿಲ್ಲಿಸಿದಳು.

“ಈ ಗಿಡಾ ಬರದಾಕಿ ನನ್ನ ಮಗಳು. ನಿಮ್ಮ ಹಕ್ಕಿ ತಲಿ ತಗದಾಕಿನೂ ಇಕೀನ.”

ಹೆಂಗಸರು ಅವಳ ಮುಖ ನೋಡಿದರು. ಮರುದಿನ ಬೆಳಿಗ್ಗೆ ಅವರಲ್ಲಿ ಐದು ಮಂದಿ ಮಡಚಿದ ಸೀರೆ, ಸೂಜಿ, ಬಿಳಿ ದಾರ ಹಿಡಿದುಕೊಂಡು, ಕಾವೇರಿ ಇಳಿದುಕೊಂಡಿದ್ದ ಮನೆಯ ಕಟ್ಟೆಗೆ ಬಂದು ಕೂತರು.