ಆರರ ಮೇಲೆ ನಿಂತ ಕಂಬ

ಎಂಬತ್ತನೆಯ ಇಸವಿ ಹುಟ್ಟಿತು, ಅದರ ಹಿಂದೆಯೇ ನನ್ನ ಮೊದಲ ಮೊಮ್ಮಗಳು ನೀಲಾ ಹುಟ್ಟಿದಳು. ಅಂದಿನಿಂದ ನನಗೆ ಎರಡು ರೋಗ ಅಂಟಿಕೊಂಡಿವೆ. ಒಂದು, ಕಂಡಕಂಡವರಿಗೆಲ್ಲ ನೀಲಾಳ ಸುದ್ದಿ ಹೇಳುವುದು. ನಿಮಗೂ ಹೇಳುವವನೇ, ಎದ್ದು ಹೋಗಬೇಡಿ. ಇನ್ನೊಂದು, ಆಕೆಯ ಹತ್ತಿರ ಬರುವ ಪ್ರತಿಯೊಂದನ್ನೂ ಸಂಶಯದಿಂದ ನೋಡುವುದು. ಯಾರಾದರೂ ಗಿಲಕಿ ತಂದರೆ ಬಣ್ಣ ಬಿಡುತ್ತದೆಯೋ ಏನೋ ಎಂದು ಮೊದಲು ನಾನೇ ನೆಕ್ಕಿ ನೋಡುತ್ತೇನೆ. ಆದರೆ ಗೋಡೆಗೆ ಅಂಟಿಸಿದ ಒಂದು ಕಾಗದಕ್ಕೆ ಹೆದರಿದಷ್ಟು ನಾನು ಯಾವುದಕ್ಕೂ ಹೆದರಿಲ್ಲ.

ಮಗಳು ಸರೋಜಾ ಬಾಣಂತನ ಮುಗಿಸಿ ಖಾನಾಪುರದ ಗಂಡನ ಮನೆಗೆ ಹೋಗಿದ್ದಳು. ಕೂಸಿಗೆ ಐದು ತಿಂಗಳು. ಇರಲಾರದೆ ಒಂದು ಮುಂಜಾನೆ ಬೆಳಗಾವಿಯಲ್ಲಿ ಲೋಂಡಾ ಕಡೆಯ ಪ್ಯಾಸೆಂಜರ್ ಹತ್ತಿ, ಕುಂದಾದ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಹೋದೆ. ಹೋಗಿ ನೋಡಿದರೆ ಮಗಳ ಕಣ್ಣು ಕೆಂಪಾಗಿವೆ. ಹಾಲಿನ ಪುಡಿಯ ಕಂಪನಿಯವನೊಬ್ಬ ಮನೆಮನೆಗೆ ಒಂದು ಡಬ್ಬಿ, ಒಂದು ಕಾಗದ ಪುಕ್ಕಟೆ ಹಂಚಿ ಹೋಗಿದ್ದನಂತೆ. ಚೌಕಗಳ ಆ ಕಾಗದದಲ್ಲಿ ಐದು ತಿಂಗಳ ಕೂಸಿನ ತೂಕ ತೋರಿಸುವ ಎರಡು ಕಂಬ. ತಾಯಿಯ ಹಾಲು ಕುಡಿದ ಕೂಸಿನ ಕಂಬ ನೆಲ ಹಿಡಿದು ಕೂತಿತ್ತು. ಡಬ್ಬಿ ಹಾಲಿನದು ಅದರ ಮೂರು ಪಟ್ಟು ಎದ್ದು ನಿಂತಿತ್ತು.

ಬೀಗತಿ, ಅಂದರೆ ಸರೋಜಾಳ ಅತ್ತೆ, ಗೋಡೆಗೆ ಅಂಟಿಸಿದ್ದ ಆ ಕಾಗದಕ್ಕೆ ಬೆರಳು ತೋರಿಸಿದರು. "ನೋಡ್ರಿ ಬೀಗರ, ನಾ ಹೇಳಿದ್ರ ನಿಮ್ಮ ಮಗಳು ಮಾರಿ ಉಬ್ಬಸ್ತಾಳ. ಇಕೀ ಹಾಲು ಸಾಲವಲ್ದು. ನಾಳಿಂದ ಎದಿ ಬಿಡಿಸಿ ಡಬ್ಬಿ ಹಾಲು ಹಾಕೂದು."

"ಅಪ್ಪಾ, ಒಮ್ಮಿ ಬಿಡಿಸಿದ್ರ ಮತ್ತ ಹಾಲು ಬತ್ತಿ ಹೋಗತೈತಿ" ಎಂದು ಸರೋಜಾ ಮೆಲ್ಲಗೆ ಅಂದಳು.

ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಆದರೆ ಚೌಕಗಳ ಕಾಗದದ ವಿಷಯದಲ್ಲಿ ನನಗೆ ಮೋಸ ಮಾಡುವುದು ಕಷ್ಟ, ಏಕೆಂದರೆ ಅದರಲ್ಲಿ ನನಗೆ ನಾನೇ ಮೊದಲು ಮೋಸ ಮಾಡಿಕೊಂಡವನು. ಹರೆಯದಲ್ಲಿ ಖಾಸಬಾಗದ ಮಗ್ಗದಲ್ಲಿ ಸೀರೆಯ ಸೆರಗಿಗೆಂದು ಚೌಕದ ಕಾಗದದ ಮೇಲೆ ಹಂಸ ಬರೆದೆ. ಒಂದು ಚೌಕಕ್ಕೆ ಉದ್ದಕ್ಕೆ ಒಂದು ಹಾಸಿನ ಎಳೆ, ಅಡ್ಡಕ್ಕೆ ಒಂದು ಹೊಕ್ಕಿನ ಎಳೆ. ಕಾಗದದ ಚೌಕಕ್ಕೆ ಉದ್ದ ಅಗಲ ಎರಡೂ ಸಮ. ಮಗ್ಗ ಆ ಮಾತು ಕೇಳುವುದಿಲ್ಲ. ಹಾಸು ಒತ್ತಾಗಿದ್ದು ಹೊಕ್ಕು ಸಡಿಲ ಬಿದ್ದರೆ ಚೌಕ ನೀಳವಾಗುತ್ತದೆ. ನನ್ನ ಹಂಸಗಳೆಲ್ಲ ಸೆರಗಿಗೆ ಬರುವಷ್ಟರಲ್ಲಿ ಕೊಕ್ಕರೆಗಳಾಗಿದ್ದವು. ಯಜಮಾನರು ಸೆರಗು ಎತ್ತಿ ಹಿಡಿದು, "ಇವಕ್ಕ ಮೀನಾನೂ ನೀನ ಹಾಕಾಂವೇನೋ?" ಎಂದರು. ಅಂದಿನಿಂದ ಚಿತ್ರಕ್ಕಿಂತ ಮೊದಲು ಚೌಕ ನೋಡುವುದು ನನ್ನ ಚಾಳಿ.

ಈಗಲೂ ಕನ್ನಡಕ ಏರಿಸಿ ಕಂಬದ ಬುಡ ನೋಡಿದೆ. ಸೊನ್ನೆ ಇರಬೇಕಾದಲ್ಲಿ ಆರು ಕಿಲೋ ಇತ್ತು! ತುದಿಯಲ್ಲಿ ಏಳು. ಮೊಳದುದ್ದದ ಕಾಗದದಲ್ಲಿ ಇದ್ದದ್ದೇ ಒಂದು ಕಿಲೋ. ಗಿಡ್ಡ ಕಂಬದ ಕೂಸು ಆರೂಕಾಲು, ಎತ್ತರದ್ದು ಆರೂಮುಕ್ಕಾಲು. ಗೋಡೆಯ ಹಿಂದೆ ಇಬ್ಬರು ನಿಂತಾಗ ಒಬ್ಬನ ತಲೆಯ ಪಟಕಾ ಅಷ್ಟೇ ಕಂಡು, ಇನ್ನೊಬ್ಬನ ಹೆಗಲೂ ಕಂಡರೆ, ಅವನು ಇವನ ಮೂರು ಪಟ್ಟು ಎತ್ತರ ಎನ್ನುತ್ತೇವೆಯೆ?

ಸುಣ್ಣದ ಖಡು ತೆಗೆದುಕೊಂಡು ಅಂಗಳದ ಹಾಸುಗಲ್ಲಿನ ಮೇಲೆ ಸೊನ್ನೆಯಿಂದ ಹಿಡಿದು, ಕಿಲೋಗೊಂದು ಗೇಣಿನಂತೆ ಎರಡೂ ಕಂಬ ಎಳೆದೆ. ಒಂದರ ಬಾಜು ಒಂದು ಮಲಗಿದವು, ಅವಳಿಜವಳಿಯ ಹಾಗೆ.

ಬೀಗತಿ ಬಗ್ಗಿ ನೋಡಿದರು. "ಯವ್ವಾ, ಎರಡೂ ಒಂದ ಆದವಲ್ರಿ!" ಎಂದವರು ಮರುಗಳಿಗೆಯಲ್ಲೇ ಹುಬ್ಬು ಗಂಟಿಕ್ಕಿದರು. "ಅಲ್ರಿ ಬೀಗರ, ಅಂವ ಡಬ್ಬಿ ಮಾರಾಕ ಗೆರಿ ಎಳದಾನ. ನೀವು ಮಗಳ ಸಲುವಾಗಿ ಎಳದೀರಿ. ನಿಮ್ಮದ ಖರೇ ಅಂತ ಹೆಂಗ ನಂಬೂದು?"

ಬೀಗತಿಯ ಮಾತು ಸುಳ್ಳಲ್ಲ. ಐದು ತಿಂಗಳ ಕೂಸಿಗೆ ಅರ್ಧ ಕಿಲೋ ಎಂದರೆ ಸಣ್ಣ ಮಾತೆ? ಅವನು ಬುಡ ಕತ್ತರಿಸಿ ಅರ್ಧ ಕಿಲೋವನ್ನು ಬೆಟ್ಟ ಮಾಡಿದ್ದ. ನಾನು ಅಂಗಳದುದ್ದ ಗೆರೆ ಎಳೆದು ಅದನ್ನು ಸಾಸಿವೆ ಮಾಡಿದ್ದೆ. ಆಗ ಹೊಳೆಯಿತು ನೋಡಿ: ಇಷ್ಟೆಲ್ಲ ಜಗಳದಲ್ಲಿ ನೀಲಾಳನ್ನು ಯಾರೂ ತೂಗಿಯೇ ಇರಲಿಲ್ಲ! ಆ ಎರಡೂ ಯಾರದೋ ಮನೆಯ ಕೂಸುಗಳು.

ಮೂವರೂ ಕೂಸನ್ನು ಎತ್ತಿಕೊಂಡು ಸರಕಾರಿ ದವಾಖಾನೆಗೆ ನಡೆದೆವು. ನರ್ಸಬಾಯಿ ತೂಗಿದರು. ತಕ್ಕಡಿಯ ಮುಳ್ಳು ಎಲ್ಲಿಂದ ಹೊರಡುತ್ತದೆ ಎಂದು ನಾನು ಮೊದಲೇ ಬಗ್ಗಿ ನೋಡಿಕೊಂಡಿದ್ದೆ; ಸೊನ್ನೆಯಿಂದಲೇ. ನೀಲಾ ಆರೂವರೆ. ನರ್ಸಬಾಯಿ ಕೂಸಿನ ತೊಡೆ ಒತ್ತಿದರು, ಮಾರಿ ನೋಡಿದರು, ದಿನಕ್ಕೆ ಎಷ್ಟು ಸಲ ಉಚ್ಚೆ ಹೊಯ್ಯುತ್ತದೆ ಎಂದು ಕೇಳಿದರು. "ಕೂಸು ಗಟ್ಟಿ ಐತಿ, ಎದಿ ಬಿಡಸಬ್ಯಾಡ್ರಿ" ಎಂದು ಸರೋಜಾಳ ಕಡೆ ತಿರುಗಿದರು. "ಏನವಾ, ಕುಂತು ಕುಡಸ್ತೀಯೋ, ಒಂದ ಕಣ್ಣು ಒಲಿ ಕಡೆ ಇಟ್ಟು ಕುಡಸ್ತೀಯೋ?"

ಸರೋಜಾ ನೆಲ ನೋಡಿದಳು. ಬೀಗತಿ ಕಿಟಕಿ ನೋಡಿದರು.

ಮನೆಗೆ ಬಂದ ಮೇಲೆ ಬೀಗತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಟ್ಟಿನ ಕೊಣಮಿಗೆ ಎಳೆದುಕೊಂಡರು. "ನೀ ಕುಂದರ. ಕೂಸು ಸಾಕು ಅನ್ನೂತನಕ ಏಳಬ್ಯಾಡ. ರೊಟ್ಟಿ ನಾ ಬಡೀತೀನಿ" ಎಂದು ಹಿಟ್ಟು ನಾದತೊಡಗಿದರು. ಆ ರೊಟ್ಟಿಯ ಸಪ್ಪಳ ಕೇಳುತ್ತ ನಾನು ಎಷ್ಟು ಹಿಗ್ಗಿದೆ ಎಂದರೆ ಅದನ್ನು ಯಾವ ಕಾಗದದಲ್ಲಿಯೂ ಬರೆಯಲಾಗದು.

ಈಗ ಪೇಪರಿನಲ್ಲಿ ಯಾವ ಕಂಬ ಕಂಡರೂ ಮೊದಲು ಅದರ ಕಾಲು ನೋಡುತ್ತೇನೆ, ಆಮೇಲೆ ಅದನ್ನು ಎಳೆದವನ ಮುಖ ನೆನೆಸುತ್ತೇನೆ. ಅಷ್ಟು ಜಾಣನಾಗಿ ಅಂದು ಸಂಜೆ ಬೆಳಗಾವಿಗೆ ಮರಳಿದಾಗ, ಹೆಂಡತಿ ಬಾಗಿಲಲ್ಲೇ ಕೇಳಿದಳು, "ನೀಲಾ ಎಷ್ಟು ಬೆಳದಾಳ್ರಿ?" ನಾನು ಎರಡೂ ಕೈ ಅಗಲಕ್ಕೆ ಚಾಚಿ ತೋರಿಸಿದೆ. ಆಕೆ ನನ್ನ ಎರಡೂ ಕೈ ಹಿಡಿದು ಅರ್ಧಕ್ಕೆ ತಂದು ನಿಲ್ಲಿಸಿ, "ಹಾಂ, ಈಗ ಹೇಳ್ರಿ" ಎಂದಳು.