ಕಾರ್ಟೂನಿನ ಐಬು

ಬನಹಟ್ಟಿಯ ನಮ್ಮ ಓಣಿಯಲ್ಲಿ ಮಗ್ಗದಿಂದ ಇಳಿದ ಸೀರೆಗಳ ಐಬು ನೋಡುವ ಕಾಕಾ ಒಬ್ಬರಿದ್ದರು. ಸೆರಗಿನ ಅಂದಕ್ಕೆ ಅವರೆಂದೂ ಮರುಳಾದವರಲ್ಲ. ಕನ್ನಡಕವನ್ನು ಹಣೆಗೇರಿಸಿ, ಇಡೀ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಳೆ ತಪ್ಪಿದ ಕಡೆ ಸೀಮೆಸುಣ್ಣದ ಗೀಟು ಹಾಕುತ್ತಿದ್ದರು. ಅವಸರ ಮಾಡಿದರೆ ಒಂದೇ ಮಾತು: "ತಡಿಯೋ ತಮ್ಮಾ, ಪೂರಾ ನೋಡೂಣು."

ಒಮ್ಮೆ ಮಕ್ಕಳ ಕಾರ್ಟೂನೊಂದರ ಮೇಲೆ ಓಣಿಯೇ ಸಿಡಿದೆದ್ದಿತು. ಎರಡು ಗಂಡುಗುಬ್ಬಿಗಳು ಜೋಡಿಯಾಗಿ ಗೂಡು ಕಟ್ಟಿ ಮರಿ ಸಾಕುವ ಕಥೆ. ಫೋನಿಗೆ ಬಂದ ತುಣುಕನ್ನಷ್ಟೇ ನೋಡಿ, ಮಕ್ಕಳು ಕೆಡುತ್ತಾರೆ, ಶಾಲೆಯ ಟಿವಿಯಲ್ಲಿ ಇದು ಬೇಡ ಎಂದು ನಾವೆಲ್ಲ ಅರ್ಜಿಗೆ ಸಹಿ ಹಾಕಿದೆವು. ಕಾಕಾ ಹಾಕಲಿಲ್ಲ. ಶಾಲೆಗೆ ಹೋಗಿ, ಮಕ್ಕಳ ನಡುವೆ ನೆಲದ ಮೇಲೆ ಕುಳಿತು, ಕೊನೆತನಕ ನೋಡಿ ಬಂದರು.

"ಐಬು ಸಿಕ್ತೇನ್ರಿ ಕಾಕಾ?" ಎನ್ನುತ್ತ ಅರ್ಜಿಯನ್ನು ಅವರ ಮುಂದೆ ಹಿಡಿದೆ.

ಅವರು ಕನ್ನಡಕವನ್ನು ಹಣೆಗೇರಿಸಿದರು.

"ಸಿಕ್ತು. ನಡುವ ಒಂದು ಹುಂಜ ಬರತೈತಿ. ಅನ್ನ ತಡಾ ಆತು ಅಂತ ಹೇಂತಿನ್ನ ಬಡೀತೈತಿ. ಹುಡುಗ್ರೆಲ್ಲಾ ಬಿದ್ದು ಬಿದ್ದು ನಕ್ರು. ನಿನ್ನ ಮಗಳೂ ನಕ್ಳು. ಆ ತುಣುಕು ನಿಮಗ ಯಾರೂ ಕಳಿಸ್ಲಿಲ್ಲೇನು ತಮ್ಮಾ?"