ಬೀಗ ಹಾಕಿದ್ದ ಹಾರ್ಮೋನಿಯಂ

ಮೊದಲೇ ಹೇಳಿಬಿಡುತ್ತೇನೆ. ಇಂಥ ಕಥೆಗಳನ್ನು ಯಾರಾದರೂ ಶುರುಮಾಡಿದರೆ ಎದ್ದು ಟೀ ಕುಡಿಯಲು ಹೋಗುತ್ತಿದ್ದವನು ನಾನು. ಹೊಳೆನರಸೀಪುರದಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಪಂಪ್‌ಸೆಟ್ಟು ಹೊತ್ತು ತರುವ ರೈತರು, "ಆ ಬಾವಿತಾವ ಏನೋ ಐತೆ ಸಾ, ಇಕ್ಕಿದ್ ಮೋಟ್ರೆಲ್ಲ ಸುಟ್ಟೋಯ್ತದೆ" ಎನ್ನುತ್ತಾರೆ. "ಏನೂ ಇಲ್ಲ ಕಣಪ್ಪ, ವೋಲ್ಟೇಜ್ ಇಲ್ಲ ಅಷ್ಟೇ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಭಾನುವಾರ ನಮ್ಮ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುವವನೂ ನಾನೇ. ದೇವರನ್ನು ನಂಬುವವನು ಇದನ್ನೇಕೆ ನಂಬುವುದಿಲ್ಲ ಎಂದು ನೀವು ಕೇಳಬಹುದು. ದೇವರು ಬೇರೆ, ಅಂತೆಕಂತೆ ಬೇರೆ ಎಂದುಕೊಂಡಿದ್ದೆ. ಈಗಲೂ ಹಾಗೇ ಅಂದುಕೊಳ್ಳುತ್ತೇನೆ, ಆದರೆ ಮೊದಲಿನಷ್ಟು ಜೋರಾಗಿ ಹೇಳುವುದಿಲ್ಲ.

ನಮ್ಮ ಹಾರ್ಮೋನಿಯಮ್ಮಿನ ವಿಚಾರ ಸ್ವಲ್ಪ ಹೇಳಬೇಕು. ಅಪ್ಪನ ಕಾಲದಲ್ಲೇ ಅದರ ನಡುವಿನ ಒಂದು ಬಿಳಿ ಕೀ ಮೂಕವಾಗಿತ್ತು. ಒತ್ತಿದರೆ ಬರೀ ಗಾಳಿ. ಅದು ಬೇಕಾದಲ್ಲೆಲ್ಲ ಅಪ್ಪ ಮೇಲಿನ ಸ್ವರಕ್ಕೆ ಹಾರಿ ಕೆಳಗಿಳಿಯುತ್ತಿದ್ದರು. ಸಭೆಯವರೂ ಅದನ್ನೇ ಕೇಳಿ ಕೇಳಿ ಹಾಗೆಯೇ ಹಾಡಲು ಕಲಿತರು. ಹಾಸನದ ಕಡೆಯವರು ಬಂದರೆ, "ಏನ್ರೀ, ನಿಮ್ಮೂರವರು ಎಲ್ಲಾ ಹಾಡಲ್ಲೂ ಬೇಲಿ ಹಾರ್ತೀರಿ" ಎಂದು ನಗುತ್ತಿದ್ದರು. ನಾನು ದೊಡ್ಡವನಾದ ಮೇಲೆ ಆ ಕೀಯೊಳಗಿನ ಹಿತ್ತಾಳೆ ರೀಡನ್ನು ಬದಲಾಯಿಸಿ ಸರಿಮಾಡಿದೆ. ಕೀ ಸರಿಯಾಯಿತು, ಜನ ಸರಿಯಾಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಇವತ್ತಿಗೂ ಹಾರುತ್ತಾರೆ. ಕೊನೆಗೆ ನಾನೂ ಅವರ ಜೊತೆ ಹಾರಿದೆ.

ಹಾಗೆ ಹಾರಿ ಹಾಡುವ ಹಾಡುಗಳಲ್ಲಿ ಅಮ್ಮನಿಗೆ ಬಹಳ ಇಷ್ಟವಾದದ್ದು ಒಂದು ಕೀರ್ತನೆ. ಅದನ್ನು ಕಟ್ಟಿದ್ದು ಅವಳ ತಂದೆ, ಅರಕಲಗೂಡಿನ ಚರ್ಚಿನಲ್ಲಿ ಉಪದೇಶಿಯಾಗಿದ್ದ ನನ್ನ ತಾತ. ಯಾವ ಪುಸ್ತಕದಲ್ಲೂ ಅಚ್ಚಾಗಿಲ್ಲ. "ಬಾಗಿಲು ತೆಗೆ ತಂದೆ, ದೂರದಿಂದ ಬಂದೆ" ಎಂದು ಶುರುವಾಗುತ್ತದೆ. ನಮ್ಮ ಸಭೆಯಲ್ಲಿ ಯಾರನ್ನು ಮಣ್ಣಿಗೆ ಒಯ್ಯುವ ಮುಂಚೆಯೂ ಅದನ್ನು ಹಾಡುವುದು ರೂಢಿ.

ಕೆಲವು ವರ್ಷಗಳ ಹಿಂದೆ ನನಗೆ ಮಲಾವಿ ದೇಶಕ್ಕೆ ಮಿಷನ್ ಸೇವೆಗೆ ಹೋಗುವ ಕರೆ ಬಂತು. ಹಳ್ಳಿ ಚರ್ಚಿನ ಗಾಯಕರಿಗೆ ಸಂಗೀತ ಕಲಿಸುವುದು, ಜೊತೆಗೆ ಅಲ್ಲಿನ ಸೋಲಾರ್ ವೈರಿಂಗ್ ನೋಡಿಕೊಳ್ಳುವುದು, ಎರಡು ವರ್ಷದ ಕೆಲಸ. ಮದುವೆಯಾಗದ ನಾನು ಹಿಂದೆ ಮುಂದೆ ನೋಡಬೇಕಾಗಿದ್ದು ಅಮ್ಮ ಒಬ್ಬಳಿಗಾಗಿ. "ಮದ್ವೆ ಬ್ಯಾಡ ಅಂದೆ, ಈಗ ಊರೂ ಬ್ಯಾಡ್ವಾ?" ಎಂದು ಮೂರು ದಿನ ಮುಖ ತಿರುಗಿಸಿಕೊಂಡಿದ್ದಳು. ಆಮೇಲೆ ತಾನೇ ಒಪ್ಪಿ ಚನ್ನರಾಯಪಟ್ಟಣಕ್ಕೆ ಅಕ್ಕನ ಮನೆಗೆ ಹೊರಟಳು. ನಮ್ಮ ಭಾವ ಅಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುತ್ತಾರೆ, ಮನೆ ತುಂಬಾ ಜನ, ಅವಳಿಗೆ ಬೇಜಾರಿಲ್ಲ. ಹೊರಡುವ ದಿನ ಒಂದೇ ಒಂದು ಮಾತು ಕೇಳಿದಳು.

"ನನ್ ಮಣ್ಣಿನ್ ದಿನ ನಮ್ಮಪ್ಪನ್ ಹಾಡು ನೀನೇ ಬಾರಿಸ್ಬೇಕು ಕಣಪ್ಪ. ಬ್ಯಾರೆಯೋರ್ ಕೈಲಿ ಬ್ಯಾಡ. ಮಾತು ಕೊಡು."

"ಎರಡು ವರ್ಷದಲ್ಲಿ ನೀನೆಲ್ಲಿ ಹೋಗ್ತೀಯ ಬಿಡಮ್ಮ" ಎಂದೆ. ಅವಳು ಬಿಡಲಿಲ್ಲ, ಕೈ ಮೇಲೆ ಕೈ ಇಡಿಸಿಕೊಂಡೇ ಬಿಟ್ಟಳು.

ಹಾರ್ಮೋನಿಯಮ್ಮಿಗೆ ಅವಳೇ ತನ್ನ ಹಳೇ ಸೀರೆ ಸುತ್ತಿ, ಗಂಟು ಹಾಕಿ, ನುಸಿಗುಳಿಗೆ ಇಟ್ಟಳು. ನಾನು ಅದನ್ನು ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಚರ್ಚಿನಲ್ಲಿ ಗಾಯಕರು ಕೂರುವ ಮೂಲೆಯ ಬೆಂಚಿನ ಕೆಳಗೆ ತಳ್ಳಿದೆ. ಬೀಗದ ಕೈಯನ್ನು ಪಾಸ್ಟರಯ್ಯನಿಗೆ ಕೊಡಬೇಕಾಗಿತ್ತು. ಅದು ಅಂಗಡಿ ಕೀಗೊಂಚಲಿನಲ್ಲೇ ಉಳಿದು ನನ್ನ ಜೊತೆ ಮಲಾವಿಗೆ ಬಂತು. ಫೋನಿನಲ್ಲಿ ಹೇಳಿದರೆ ಪಾಸ್ಟರಯ್ಯ, "ಇರ್ಲಿ ಬಿಡಿ, ಕೀಬೋರ್ಡ್ ಇದೆ. ನರ್ಸಿಂಗ್ ಓದೋ ಹುಡುಗಿ ಒಬ್ಬಳು ಹಾಸನದಿಂದ ಬಂದು ನುಡಿಸ್ತಾಳೆ. ನೀವು ಬಂದ ಮೇಲೆ ತೆಗೆದರಾಯ್ತು" ಎಂದರು.

ಮಲಾವಿಯಲ್ಲಿ ನನಗೆ ಹೊಂದಿಕೊಳ್ಳಲು ಕಷ್ಟವಾಗಲಿಲ್ಲ. ಅಲ್ಲೂ ಮುದ್ದೆಯೇ ಊಟ, ರಾಗಿಯ ಬದಲು ಮೆಕ್ಕೆಜೋಳದ್ದು, ಬೆಳ್ಳಗಿರುತ್ತದೆ ಅಷ್ಟೆ. ಮೊದಲ ದಿನವೇ ನಾನು ಮುರಿದು, ಉಂಡೆ ಕಟ್ಟಿ ನುಂಗಿದ್ದು ನೋಡಿ ಹೆಂಗಸರು ಚಪ್ಪಾಳೆ ತಟ್ಟಿದರು. ಅವರಿಗೆ ನಾನು ಸಂಗೀತ ಕಲಿಸುವುದಿರಲಿ, ಅವರ ಹಾಡು ಕೇಳಿಯೇ ನಾನು ದಂಗಾದೆ. ಏನು ಕಂಠ, ಏನು ಕಂಠ! ಆ ಊರಿನವರದ್ದು ಒಂದು ಪದ್ಧತಿ ಇತ್ತು. ಒಂದು ಚರಣ ಮುಗಿದ ಕೂಡಲೇ ಮುಂದಿನದಕ್ಕೆ ಹೋಗುವುದಿಲ್ಲ. ನಿಂತಲ್ಲೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ, ಉಸಿರು ತೆಗೆದುಕೊಂಡು ಆಮೇಲೆ ಮುಂದಕ್ಕೆ. ಆ ಖಾಲಿ ಜಾಗದಲ್ಲಿ ನನ್ನ ಕೈ ಸುಮ್ಮನಿರಲಾರದೆ ಒಂದು ಸಣ್ಣ ತುಣುಕು ನುಡಿಸಲು ಶುರುಮಾಡಿತು. ಪ ಮ ಗ, ಮತ್ತೆ ಮ ಪ. ಇಳಿದು ಏರುವುದು, ಅಷ್ಟೆ. ಅದು ನಾನೇ ಅಲ್ಲಿ ಕಟ್ಟಿಕೊಂಡದ್ದು. ಇಲ್ಲಿ ಊರಲ್ಲಿ ಎಂದೂ ನುಡಿಸಿದವನಲ್ಲ, ಇದನ್ನು ದಯವಿಟ್ಟು ನೆನಪಿಡಿ.

ಎರಡನೇ ವರ್ಷ, ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಫೋನು ಬಂತು. ಅಮ್ಮ ಹಿಂದಿನ ಸಂಜೆ ಹೋಗಿಬಿಟ್ಟಿದ್ದಳು. ಕಾಯಿಲೆ ಏನಿಲ್ಲ. ಕಾಫಿ ಕುಡಿದು, ಒಂದು ಗಳಿಗೆ ಒರಗಿಕೊಳ್ತೀನಿ ಅಂದಳಂತೆ. ಅಕ್ಕ ರಾತ್ರಿಯಿಡೀ ಪ್ರಯತ್ನಪಟ್ಟರೂ ನಾನಿದ್ದ ಹಳ್ಳಿಗೆ ನೆಟ್‌ವರ್ಕ್ ಸಿಕ್ಕಿರಲಿಲ್ಲ. ಹೊಳೆನರಸೀಪುರದಲ್ಲಿ ಅಪ್ಪನ ಪಕ್ಕದಲ್ಲೇ ಗುಂಡಿ ತೆಗೆಸಿಯಾಗಿತ್ತು, ಅವತ್ತೇ ಮಧ್ಯಾಹ್ನದ ಮೇಲೆ ಮಣ್ಣು. ಮಲಾವಿಯ ಆ ಹಳ್ಳಿಯಿಂದ ವಿಮಾನ ನಿಲ್ದಾಣ ಮುಟ್ಟುವುದಕ್ಕೇ ಒಂದು ದಿನ ಬೇಕು. "ಕಾಯ್ಬೇಡಿ ಅಕ್ಕ" ಎಂದೆ. ಅಷ್ಟು ಹೇಳಿ ಫೋನಿಟ್ಟು, ಗೋಡೆಗೆ ತಲೆ ಕೊಟ್ಟು ಅತ್ತೆ. ಅಮ್ಮ ಸತ್ತಳು ಅನ್ನುವುದಕ್ಕಿಂತ, ಅವಳು ಜೀವಮಾನದಲ್ಲಿ ನನ್ನನ್ನು ಕೇಳಿದ್ದ ಒಂದೇ ಒಂದು ಮಾತನ್ನು ನಡೆಸಿಕೊಡಲಾಗಲಿಲ್ಲವಲ್ಲ ಎಂದೇ ಹೆಚ್ಚು ಅತ್ತದ್ದು.

ಆರಾಧನೆಗೆ ಹೋದೆ, ಇನ್ನೆಲ್ಲಿಗೆ ಹೋಗಲಿ? ಅಲ್ಲಿನ ಪಾಸ್ಟರಿಗೆ ವಿಷಯ ತಿಳಿದಿತ್ತು. ಅವರ ಆರಾಧನೆ ನಡುಮಧ್ಯಾಹ್ನದವರೆಗೂ ನಡೆಯುತ್ತದೆ. ಕೊನೆಯಲ್ಲಿ ಅವರು, ನಿಮ್ಮ ತಾಯಿಯ ಹಾಡನ್ನು ಇಲ್ಲೇ ನುಡಿಸಿ, ನಾವು ನಿಂತು ಕೇಳುತ್ತೇವೆ ಎಂದರು. ಕೀಬೋರ್ಡಿನ ಮುಂದೆ ಕೂತು ತಾತನ ಕೀರ್ತನೆ ಪೂರ್ತಿ ನುಡಿಸಿದೆ. ಹಾರುವ ಕಡೆ ಹಾರಿದೆ. ಚರಣ ಮುಗಿದಾಗೆಲ್ಲ ಅಭ್ಯಾಸಬಲದಿಂದ ಆ ಪ ಮ ಗ, ಮ ಪ ಕೂಡ ಬಂದುಬಿಟ್ಟಿತು. ಆ ಹಾಡಿಗೆ ಅದನ್ನು ಸೇರಿಸಿದ್ದು ಅದೇ ಮೊದಲು. ಒಂದೊಂದು ಸ್ವರವೂ ನನ್ನ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು.

ಮುಗಿಸಿ ಎದ್ದೆ. ಗಾಯಕರ ಗುಂಪಿನ ಒಬ್ಬ ಅಜ್ಜಿ ಬಂದು ಎರಡೂ ಕೈ ಹಿಡಿದುಕೊಂಡು "ಪೆಪಾನಿ, ಪೆಪಾನಿ" ಎಂದಳು. ದುಃಖದಲ್ಲಿರುವವರಿಗೆ ಅವರು ಹೇಳುವ ಮಾತು ಅದು. ಆಮೇಲೆ ಪಾಸ್ಟರು, "ನುಡಿಸಲು ಆಗದಿದ್ದರೆ ಪರವಾಗಿಲ್ಲ. ನೀವು ಅಷ್ಟು ಹೊತ್ತು ಸದ್ದಿಲ್ಲದೆ ಬೆರಳಾಡಿಸಿದ್ದೇ ಪ್ರಾರ್ಥನೆ" ಎಂದರು. ನನಗೆ ತಲೆ ಬುಡ ತಿಳಿಯಲಿಲ್ಲ. ನುಡಿಸಿದೆನಲ್ಲ ಎಂದೆ. ಅವರು ನನ್ನ ಹೆಗಲು ತಟ್ಟಿದರು. ಕೀಗಳ ಮೇಲೆ ಬೆರಳು ಓಡಾಡಿದ್ದನ್ನು ಎಲ್ಲರೂ ನೋಡಿದ್ದರು, ಸದ್ದು ಮಾತ್ರ ಒಬ್ಬರಿಗೂ ಕೇಳಿಸಿರಲಿಲ್ಲ. ತಿರುಗಿ ನೋಡಿದರೆ ಕೀಬೋರ್ಡಿನ ದೀಪ ಆರಿತ್ತು. ಸೋಲಾರ್ ಬ್ಯಾಟರಿ ಇಳಿದುಹೋಗಿತ್ತು.

ಇದಕ್ಕೆ ಕಾರಣ ಹುಡುಕಲು ನನಗೆ ಕಷ್ಟವಾಗಲಿಲ್ಲ. ಕರೆಂಟಿಲ್ಲ, ಸದ್ದಿಲ್ಲ. ದುಃಖದಲ್ಲಿದ್ದವನಿಗೆ ತಲೆಯೊಳಗಿನ ಹಾಡೇ ಕಿವಿಗೆ ಕೇಳಿಸಿದೆ. ಬ್ಯಾಟರಿ ನೋಡಿಕೊಳ್ಳಬೇಕಾದವನೂ ನಾನೇ ಆದ್ದರಿಂದ ನಾಚಿಕೆಯಾಯಿತು, ಆ ವಿಚಾರ ಅಲ್ಲಿಗೆ ಬಿಟ್ಟೆ.

ಊರಿಗೆ ಬಂದದ್ದು ಆರು ತಿಂಗಳಾದ ಮೇಲೆ. ವಿಮಾನ ಇಳಿದು ನೇರ ಚನ್ನರಾಯಪಟ್ಟಣಕ್ಕೆ ಅಕ್ಕನ ಮನೆಗೆ ಹೋದೆ. ಅತ್ತು ಕರೆದು ಮುಗಿದ ಮೇಲೆ ಕೇಳಿದೆ, ಅಮ್ಮನ ಹಾಡಿಗೆ ಯಾರು ನುಡಿಸಿದರು ಅಂತ. ನನ್ನ ಬದಲು ಕೂತವರಿಗೆ ಒಂದು ಕೃತಜ್ಞತೆ ಹೇಳಬೇಕಲ್ಲ.

"ಯಾರೋ ಕಣೋ, ಗಾಯಕರ ಮೂಲೇಲಿ ಕಂಬದ ಹಿಂದೆ ಕೂತಿದ್ರು, ಕಾಣಿಸ್ಲಿಲ್ಲ" ಎಂದಳು ಅಕ್ಕ. "ಜನವೋ ಜನ. ಹಾರ್ಮೋನಿಯಂ ಮಾತ್ರ ಚೆನ್ನಾಗಿ ಬಾರಿಸಿದ್ರು. ಮಧ್ಯ ಮಧ್ಯ ಏನೋ ಹೊಸದು ಸೇರಿಸಿದ್ರು. ಮಿಕ್ಕಿದ್ದೆಲ್ಲ ನಿನ್ ಕೈಯಂಗೇ ಇತ್ತು, ಅಯ್ಯೋ, ಇವನು ಬಂದ್ಬುಟ್ನೇನೋ ಅಂತ ತಿರುಗಿ ನೋಡ್ದೆ."

ಹೊಳೆನರಸೀಪುರಕ್ಕೆ ಬಂದು ಪಾಸ್ಟರಯ್ಯನನ್ನು ಕೇಳಿದೆ. ನರ್ಸಿಂಗ್ ಹುಡುಗಿ ಪರೀಕ್ಷೆ ಎಂದು ಅವತ್ತು ಬಂದಿರಲಿಲ್ಲ, ನಿಮ್ಮ ಅರಕಲಗೂಡಿನ ನೆಂಟರಲ್ಲಿ ಯಾರೋ ಕೂತರು ಎಂದುಕೊಂಡೆ ಎಂದರು. ಅರಕಲಗೂಡಿಗೆ ಫೋನು ಮಾಡಿದರೆ ಮಾವನ ಮಗ ನಕ್ಕುಬಿಟ್ಟ. "ನಮ್ಮಲ್ಯಾರಿಗ್ ಬತ್ತದೆ ಹೇಳು? ನಿಮ್ ಸಭೆಯೋರೇ ಯಾರೋ ಇರ್ಬೇಕು ಅಂದ್ಕಂಡೊ." ಸಭೆಯವರು ಹಾಸನದವರಿರಬೇಕು ಎಂದರು. ಹಾಸನದಿಂದ ಬಂದಿದ್ದವರು, ನೀವೇ ಯಾರನ್ನೋ ಗೊತ್ತುಮಾಡಿ ಕಳಿಸಿದ್ದೀರಿ ಎಂದುಕೊಂಡಿದ್ದರು. ಪ್ರತಿಯೊಬ್ಬರೂ ಕೇಳಿದ್ದಾರೆ, ನೋಡಿದವರು ಮಾತ್ರ ಒಬ್ಬರೂ ಇಲ್ಲ.

ಆಗ ನನಗೆ ಬೀಗದ ಕೈ ನೆನಪಾಯಿತು. ಬೆಂಚಿನ ಕೆಳಗಿಂದ ಪೆಟ್ಟಿಗೆ ಎಳೆದೆ. ಬೀಗಕ್ಕೆ ತುಕ್ಕು ಹಿಡಿದು, ಎಣ್ಣೆ ಬಿಟ್ಟ ಮೇಲೇ ತಿರುಗಿದ್ದು. ಮುಚ್ಚಳದ ಮೇಲೆ ಎರಡು ವರ್ಷದ ದೂಳು ಒಂದೇ ಸಮನೆ ಕೂತಿತ್ತು. ಒಳಗೆ ಅಮ್ಮನ ಸೀರೆ, ಅಮ್ಮ ಹಾಕಿದ್ದ ಗಂಟು. ಅವಳು ಗಂಟು ಹಾಕಿದರೆ ಬಿಚ್ಚಲು ಹಲ್ಲೇ ಬೇಕು. ನಾನೂ ಹಲ್ಲಿನಲ್ಲೇ ಬಿಚ್ಚಿದೆ.

ಈ ಕಾಲದಲ್ಲಿ ಯಾರೂ ಮೊಬೈಲಿನಲ್ಲಿ ತೆಗೆದಿರಲಿಲ್ಲವೇ ಎನ್ನುತ್ತೀರಿ. ನಾನೂ ಅದನ್ನೇ ಕೇಳಿದೆ. ಭಾವನ ಫೋನಿನಲ್ಲಿ ಮಣ್ಣು ಹಾಕುವುದಿದೆ, ಹಾಡುವಾಗ ಅವರು ಶವಪೆಟ್ಟಿಗೆಗೆ ಕೈ ಕೊಟ್ಟು ನಿಂತಿದ್ದರು. ಇನ್ನೊಬ್ಬರ ಫೋನಿನಲ್ಲಿ ಒಂದು ತುಂಡು ಇದೆ. ಅದರಲ್ಲಿ ಜನರ ಹಾಡು, ಒಂದು ಮಗುವಿನ ಅಳು, ಫ್ಯಾನಿನ ಕರಕರ. ಹಿಂದೆ ಹಾರ್ಮೋನಿಯಂ ಇದೆ ಎಂದುಕೊಂಡು ಕೇಳಿದರೆ ಇದೆ, ಇಲ್ಲ ಎಂದುಕೊಂಡರೆ ಇಲ್ಲ. ನನ್ನಿಂದ ತೀರ್ಮಾನ ಮಾಡಲಾಗಲಿಲ್ಲ. ಅವತ್ತು ಊರವರು ಹಾಡಿದ ಹೊತ್ತೂ ನಾನು ಅಲ್ಲಿ ಕೀಬೋರ್ಡಿನ ಮುಂದೆ ಕೂತ ಹೊತ್ತೂ ಹೆಚ್ಚುಕಡಿಮೆ ಒಂದೇ ಎಂದು ಲೆಕ್ಕ ಹಾಕಿದ್ದು ಆಮೇಲೆ. ಅಲ್ಲಿ ನಡುಮಧ್ಯಾಹ್ನವಾದಾಗ ಇಲ್ಲಿ ಬಿಸಿಲು ಇಳಿಯುತ್ತಿರುತ್ತದೆ.

ಆದರೂ ನಾನು ಜಗ್ಗಲಿಲ್ಲ. ದುಃಖದಲ್ಲಿ ನನ್ನೊಬ್ಬನಿಗೆ ಕೇಳಿಸಿದರೆ, ದುಃಖದಲ್ಲಿ ಎಲ್ಲರಿಗೂ ಯಾಕೆ ಕೇಳಿಸಬಾರದು? ಅಷ್ಟು ವರ್ಷ ಆ ಹಾಡನ್ನು ಹಾರ್ಮೋನಿಯಂ ಜೊತೆಗೇ ಕೇಳಿದ ಕಿವಿಗಳು. ಹೀಗೆ ವಾದ ಮಾಡಿಕೊಂಡು, ಅಮ್ಮನ ವರ್ಷದ ಪ್ರಾರ್ಥನೆಯ ದಿನ ನಾನೇ ಕೂತೆ. ಬೇಕೆಂದೇ ಒಂದು ಪರೀಕ್ಷೆ ಇಟ್ಟೆ. ಆ ತುಣುಕನ್ನು ಊರಲ್ಲಿ ಇನ್ನೂ ಯಾರೆದುರೂ ನುಡಿಸಿರಲಿಲ್ಲ, ಅವತ್ತೂ ನುಡಿಸುವುದಿಲ್ಲ ಎಂದು ನಿಶ್ಚಯಿಸಿದೆ.

ಹಾಡು ಶುರುವಾಯಿತು. ಬಾಗಿಲು ತೆಗೆ ತಂದೆ, ದೂರದಿಂದ ಬಂದೆ. ಹಾರುವ ಕಡೆ ಎಲ್ಲರೂ ಹಾರಿದರು. ಮೊದಲ ಚರಣ ಮುಗಿಯಿತು. ನಾನು ತಿದಿ ಒತ್ತುವುದನ್ನು ಬಿಟ್ಟು ಕೈ ಮಡಿಲಿಗೆ ತಂದುಕೊಂಡೆ.

ಮುಂದಿನ ಸಾಲು ಯಾರೂ ಎತ್ತಲಿಲ್ಲ. ಎಲ್ಲರೂ ನನ್ನ ಕಡೆಯಿಂದ ಏನೋ ಬರಬೇಕು ಎನ್ನುವ ಹಾಗೆ ಕಾದರು. ಬರಲಿಲ್ಲ. ಮುಂದಿನ ಬೆಂಚಿನಿಂದ ಯಾರೋ ಮೂಗಿನಲ್ಲೇ ಗುನುಗಿದರು, ಹಿಂದೆಯೇ ಇಡೀ ಸಭೆ ಗುನುಗಿತು. ಪ ಮ ಗ. ಮ ಪ. ಅಕ್ಕನೂ ಗುನುಗುತ್ತಿದ್ದಳು, ರಾಗವೇ ಹತ್ತದ ನಮ್ಮಕ್ಕ. ಗುನುಗಿ ಮುಗಿಸಿ, ಉಸಿರು ತೆಗೆದುಕೊಂಡು ಎರಡನೇ ಚರಣ ಹಿಡಿದರು. ಉಳಿದ ಚರಣಗಳಿಗೆ ನಾನೂ ಆ ತುಣುಕು ನುಡಿಸಿದೆ.

ಪ್ರಾರ್ಥನೆ ಮುಗಿದ ಮೇಲೆ, ಅಪ್ಪನ ಓರಗೆಯ ಯೇಸಪ್ಪಣ್ಣ ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದರು. ಹತ್ತಿರ ಹೋಗಿ, "ಮಧ್ಯ ಗುನುಗಿದ್ರಲ್ಲ, ಅದನ್ನ ಯಾರು ಕಲಿಸಿದ್ದು?" ಎಂದು ಕೇಳಿದೆ.

ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏನ್ಲಾ ಇಂಗ್ ಕೇಳೀಯೆ? ನಿಮ್ಮವ್ವನ್ ಮಣ್ಣಿನ್ ದಿನ ನೀನೇ ಬಾರಿಸ್ಲಿಲ್ವಾ?" ಎಂದರು. ಇನ್ನೊಂದು ಚಪ್ಪಲಿಗೆ ಕಾಲು ತೂರಿಸುವಾಗ ಅವರಿಗೆ ನೆನಪಾಯಿತು. "ಓ, ನೀನಿರ್ಲಿಲ್ಲ ಅಲ್ವಾ. ಮರ್ತೇ ಓಗಿತ್ತು ಕಣ" ಎಂದು ಕೋಲೂರಿಕೊಂಡು ಮೆಟ್ಟಿಲಿಳಿದರು.

ನಾನು ಈಗಲೂ ಮೋಟಾರು ಸುತ್ತುತ್ತೇನೆ. ಬಾವಿಯ ಹತ್ತಿರ ಏನೋ ಇದೆ ಅಂದವರಿಗೆ ಈಗಲೂ ವೋಲ್ಟೇಜ್ ನೋಡಿಸಿ ಎನ್ನುತ್ತೇನೆ, ಹೆಚ್ಚಿನ ಪಾಲು ಅದೇ ಸರಿಯಾಗಿರುತ್ತದೆ. ಅಮ್ಮನಿಗೆ ಕೊಟ್ಟ ಮಾತು ನಡೆಯಿತೋ ಇಲ್ಲವೋ ಎಂದು ಕೇಳಿದರೆ, ನಾನು ನುಡಿಸಿದ್ದು ನಿಜ, ಅವರು ಕೇಳಿದ್ದು ನಿಜ ಎಂದಷ್ಟೇ ಹೇಳಬಲ್ಲೆ. ನಡುವೆ ಒಂದು ಸಮುದ್ರ ಇತ್ತು, ಬೀಗದ ಕೈ ನನ್ನ ಜೇಬಿನಲ್ಲಿತ್ತು.